ಬ್ಲೇಡಿಗೆ ಎಷ್ಟು ಹದ ಬೇಕು?

ಕಮ್ಮನಹಳ್ಳಿಯ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬರು ಮಾಲಿ ಬರುತ್ತಾರೆ. ಹಗಲೆಲ್ಲ ಇಂದಿರಾನಗರದ ಮನೆಗಳಲ್ಲಿ ಹುಲ್ಲು ಕತ್ತರಿಸುವ ಕೆಲಸ. ಕರೆಂಟಿನ ಮಿಷನ್ನು ಅವರದೇ. ಒಂದು ಸಂಜೆ ಅದರ ಬ್ಲೇಡನ್ನು ಚೀಲದಲ್ಲಿ ತಂದರು.

"ಮೇಷ್ಟ್ರೇ, ಇದು ಬೇಗ ಮೊಂಡಾಗುತ್ತೆ. ಕುಲುಮೆಗೆ ಕೊಟ್ಟು ಕುಡುಗೋಲಿನ ಹಾಗೆ ಹದ ಹಾಕಿಸಿಬಿಡ್ಲಾ? ಗಟ್ಟಿಯಾದ್ರೆ ಬಾಳಿಕೆ ಬರುತ್ತಲ್ವಾ?"

ಹದ ಅಂದರೆ ಏನು? ನೋಡೋಣ.

ಆಚಾರ್ರು ಕುಡುಗೋಲನ್ನು ಕೆಂಪಗೆ ಕಾಯಿಸುತ್ತಾರೆ. ಸುಮಾರು 800 ಡಿಗ್ರಿ ಶಾಖ. ಅಷ್ಟು ಕಾದ ಉಕ್ಕಿಗೆ ಅಯಸ್ಕಾಂತವೂ ಅಂಟೋದಿಲ್ಲ. ಆಗ ಚುಯ್ ಅಂತ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಉಕ್ಕಿನಲ್ಲಿ ಸ್ವಲ್ಪ ಇಂಗಾಲ, ಅಂದರೆ ಇದ್ದಿಲಿನ ಅಂಶ ಇರುತ್ತದೆ. ಥಟ್ಟನೆ ತಣಿದಾಗ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಉಕ್ಕು ಗಟ್ಟಿಯಾಗುತ್ತದೆ. ಆದರೆ ಗಾಜಿನ ಹಾಗೆ ಒಡೆಯುವ ಗುಣವೂ ಬರುತ್ತದೆ. ಅದಕ್ಕೇ ಆಚಾರ್ರು ಅದನ್ನು ಮತ್ತೆ ಹಗುರವಾಗಿ ಕಾಯಿಸುತ್ತಾರೆ. ಉಜ್ಜಿದ ಅಲಗಿಗೆ ಒಣಹುಲ್ಲಿನ ಬಣ್ಣ ಬಂದರೆ ಸುಮಾರು 230 ಡಿಗ್ರಿ. ನೀಲಿ ಬಂದರೆ ಸುಮಾರು 300. ಹಳದಿಯಲ್ಲಿ ನಿಲ್ಲಿಸಿದರೆ ಗಟ್ಟಿತನ ಹೆಚ್ಚು. ನೀಲಿಗೆ ಬಿಟ್ಟರೆ ಏಟು ತಾಳುವ ಗುಣ ಹೆಚ್ಚು. ಬಣ್ಣ ನೋಡಿ ಶಾಖ ಹೇಳುತ್ತಾರಲ್ಲ, ಅದೂ ಒಂದು ಓದೇ! ಉಕ್ಕಿನ ಕೆಲಸ ನಮ್ಮ ನಾಡಿಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಎಂಬ ವೈದ್ಯರು ಇಲ್ಲಿ ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾರೆ.

ಕುಡುಗೋಲು ಕೈಯಲ್ಲಿರುತ್ತದೆ. ಕಲ್ಲಿಗೆ ತಾಗಿದರೆ ಅಲಗಿನ ಚಕ್ಕೆ ಏಳಬಹುದು, ಅಷ್ಟೆ. ಮಿಷನ್ ಬ್ಲೇಡು ಹಾಗಲ್ಲ. ನಿಮಿಷಕ್ಕೆ 2,800 ಸುತ್ತು ತಿರುಗಿದರೆ, ಒಂದೂವರೆ ಅಡಿ ಬ್ಲೇಡಿನ ತುದಿಯ ವೇಗ ಗಂಟೆಗೆ 230 ಕಿಲೋಮೀಟರಿಗೂ ಹೆಚ್ಚು. ತೀರಾ ಗಟ್ಟಿ ಬ್ಲೇಡು ಆ ವೇಗದಲ್ಲಿ ಕಲ್ಲಿಗೆ ಬಡಿದರೆ ಮುರಿಯುತ್ತದೆ. ತುಂಡು ಗುಂಡಿನ ಹಾಗೆ ಹಾರುತ್ತದೆ. ಕಾಲೋ ಕಣ್ಣೋ ಹೋಗಬಹುದು. ಅದಕ್ಕೇ ಕಂಪನಿಯವರು ಬೇಕಂತಲೇ ಮಧ್ಯಮ ಹದ ಇಡುತ್ತಾರೆ. ಏಟು ಬಿದ್ದರೆ ಬ್ಲೇಡು ಬಾಗಬೇಕು, ಮುರಿಯಬಾರದು.

"ಹದ ಹಾಕಿಸಬೇಡಿ, ಅಣ್ಣ" ಅಂದೆ. ಬಾಳಿಕೆಗೆ ಬೇರೆ ದಾರಿ ಇದೆ. ಮಿಷನ್ ಓಡಿಸುವ ಮುಂಚೆ ಹುಲ್ಲಿನಲ್ಲಿರುವ ಕಲ್ಲು, ತಂತಿ ಆರಿಸಿ. ಬ್ಲೇಡು ಮುಟ್ಟುವ ಮೊದಲು ಪ್ಲಗ್ಗು ಕಿತ್ತಿಡಿ. ಹಳೇ ಇಳಿಜಾರು ನೋಡಿಕೊಂಡೇ ಅರ ಹಾಕಿ. ಸಾಣೆ ಚಕ್ರಕ್ಕೆ ಒತ್ತಿ ಹಿಡಿದು ಸುಡಬೇಡಿ, ಇದ್ದ ಹದವೂ ಕೆಡುತ್ತದೆ. ಆಮೇಲೆ ನಡುವಿನ ತೂತಿನಿಂದ ಬ್ಲೇಡನ್ನು ಮೊಳೆಗೆ ನೇತುಹಾಕಿ. ಯಾವ ಕಡೆ ವಾಲುತ್ತದೋ ಆ ಕಡೆ ಭಾರ ಹೆಚ್ಚು. ಅಲ್ಲಿ ಇನ್ನಷ್ಟು ಅರ ಹಾಕಿ. ಬಿರುಕು ಕಂಡರೆ ಮಾತ್ರ ಯೋಚನೆ ಮಾಡಬೇಡಿ, ಹೊಸದು ತನ್ನಿ.

ಅವರು ಬ್ಲೇಡನ್ನು ಚೀಲಕ್ಕೆ ಹಾಕಿಕೊಂಡರು. "ಮನೇಲಿ ಒಂದು ಹಳೇ ಕುಡುಗೋಲಿದೆ. ಅದಕ್ಕೇ ಹಾಕಿಸ್ತೀನಿ ಬಿಡಿ" ಅಂದರು.