ಹಳೆಯ ಹೊಲಿಗೆ ಯಂತ್ರ: ವಯಸ್ಸು, ಸ್ಥಿತಿ, ಬೆಲೆ

ಕೆಲವು ತಿಂಗಳ ಹಿಂದೆ ನಮ್ಮ ನೆರೆಮನೆಯ ವೃದ್ಧೆಯೊಬ್ಬರು ನಮ್ಮನ್ನು ಕರೆಯಿಸಿ, ನಡುಮನೆಯ ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿ ಇಟ್ಟಿದ್ದ ಹೊಲಿಗೆ ಯಂತ್ರವೊಂದನ್ನು ತೋರಿಸಿದರು. ಅದು ಅವರ ಅತ್ತೆಯವರ ಕಾಲದ್ದು. ಕಪ್ಪು ಮೈ, ಅದರ ಮೇಲೆ ಹೊಂಬಣ್ಣದ ಬಳ್ಳಿಚಿತ್ರ, ಕೆಳಗೆ ಜಾಲರಿಯಂತೆ ಎರಕ ಹೊಯ್ದ ಕಬ್ಬಿಣದ ಕಾಲುಗಳು. ಗುಜರಿಯವನು ಅದನ್ನು ತೂಕದ ಲೆಕ್ಕದಲ್ಲಿ ಕೇಳಿ ಹೋಗಿದ್ದ. ಬಂಧುವೊಬ್ಬರು ಮಾತ್ರ, "ಇದರೊಳಗೆ ಕೆಂಪು ಪಾದರಸವಿರುತ್ತದೆ, ಲಕ್ಷಗಟ್ಟಲೆ ಬೆಲೆ ಬರುತ್ತದೆ, ಯಾರಿಗೂ ಕೊಡಬೇಡಿ" ಎಂದು ಹೇಳಿದ್ದರು. ಆ ತಾಯಿ ನಮ್ಮನ್ನು ಕೇಳಿದ್ದು ಮೂರೇ ಪ್ರಶ್ನೆ: "ಮೇಷ್ಟ್ರೇ, ಇದಕ್ಕೆ ವಯಸ್ಸೆಷ್ಟು? ಇನ್ನೂ ಹೊಲಿದೀತೆ? ಇದರ ನಿಜವಾದ ಬೆಲೆ ಏನು?"

ಇಂಥ ಯಂತ್ರಗಳು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಮೂಲೆಗುಂಪಾಗಿ ಇರುವುದರಿಂದ, ಆ ಮೂರು ಪ್ರಶ್ನೆಗಳನ್ನು ಇಲ್ಲಿ ಕ್ರಮವಾಗಿ ವಿವೇಚಿಸೋಣ.

ಯಂತ್ರ ಹುಟ್ಟಿದ ಬಗೆ

ಕೈಸೂಜಿಯ ಕಣ್ಣು ಅದರ ಹಿಂತುದಿಯಲ್ಲಿರುತ್ತದೆ. ಸೂಜಿ ಪೂರ್ತಿಯಾಗಿ ಬಟ್ಟೆಯನ್ನು ದಾಟಿ ಹೋಗಿ ಮತ್ತೆ ಮರಳಬೇಕು. ಯಂತ್ರಕ್ಕೆ ಈ ಕ್ರಮ ಒಗ್ಗದು. ಆದುದರಿಂದ ಯಂತ್ರದ ಸೂಜಿಯಲ್ಲಿ ಕಣ್ಣನ್ನು ಮೊನೆಯ ಬಳಿಯಲ್ಲಿಯೇ ಇರಿಸಲಾಯಿತು. ಸೂಜಿ ಬಟ್ಟೆಯೊಳಗೆ ಇಳಿದು ತುಸು ಮೇಲೇಳುವಾಗ ಅದರ ದಾರ ಕೆಳಗಡೆ ಒಂದು ಕುಣಿಕೆಯಾಗಿ ಉಬ್ಬುತ್ತದೆ. ಆ ಕ್ಷಣದಲ್ಲಿ ಇನ್ನೊಂದು ದಾರವನ್ನು ಹೊತ್ತ ಸಣ್ಣ ಲಾಳಿ ಕುಣಿಕೆಯೊಳಗೆ ನುಸುಳಿ ಹೋಗುತ್ತದೆ. ಮೇಲಿನ ದಾರ ಬಿಗಿದಾಗ ಎರಡೂ ದಾರಗಳು ಬಟ್ಟೆಯ ನಡುವೆ ಒಂದನ್ನೊಂದು ಹೆಣೆದುಕೊಳ್ಳುತ್ತವೆ. ನೇಕಾರನ ಮಗ್ಗದಲ್ಲಿ ಲಾಳಿ ಹಾಸುನೂಲಿನ ನಡುವೆ ಓಡುವುದನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ಎರಡು ದಾರದ ಹೊಲಿಗೆಗೆ ಅಮೆರಿಕದ ಎಲಿಯಾಸ್ ಹೋವ್ ೧೮೪೬ರಲ್ಲಿ ಹಕ್ಕುಪತ್ರ ಪಡೆದನು. ೧೮೫೧ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಬಟ್ಟೆಯನ್ನು ಪ್ರತಿ ಹೊಲಿಗೆಗೂ ಒಂದೇ ಅಳತೆಯಷ್ಟು ಮುಂದಕ್ಕೆ ನೂಕುವ ಹಲ್ಲುಗಳ ಏರ್ಪಾಡು ಅಲೆನ್ ವಿಲ್ಸನ್ ಎಂಬಾತನದು. ಅದು ೧೮೫೪ರ ಹಕ್ಕುಪತ್ರ. ಹೀಗೆ ಬೇರೆ ಬೇರೆಯವರ ಬುದ್ಧಿ ಕೂಡಿ ಯಂತ್ರ ಪೂರ್ಣವಾಯಿತು. ಇದಕ್ಕೂ ಮೊದಲು, ೧೮೩೦ರಲ್ಲಿಯೇ, ಫ್ರಾನ್ಸಿನ ತಿಮೊನಿಯೆ ಒಂದೇ ದಾರದ ಹೊಲಿಗೆ ಯಂತ್ರವನ್ನು ಮಾಡಿದ್ದನು. ತಮ್ಮ ಅನ್ನಕ್ಕೆ ಸಂಚಕಾರ ಬಂದೀತೆಂದು ಹೆದರಿದ ದರ್ಜಿಗಳು ಆತನ ಯಂತ್ರಗಳನ್ನು ಒಡೆದುಹಾಕಿದರು. ಮುಂದೆ ಅದೇ ಯಂತ್ರ ಲೋಕದ ದರ್ಜಿಗಳ ಅನ್ನಕ್ಕೆ ಆಧಾರವಾಯಿತು. ಯಂತ್ರಗಳ ವಿಷಯದಲ್ಲಿ ಸಂಶಯವಿಟ್ಟುಕೊಂಡಿದ್ದ ಗಾಂಧೀಜಿಯವರು ೧೯೨೪ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಒಂದು ಅಪವಾದವೆಂದು ಎತ್ತಿ ಹೇಳಿದ್ದುಂಟು.

ವಯಸ್ಸನ್ನು ತಿಳಿಯುವುದು ಹೇಗೆ?

ಯಂತ್ರದ ಮೇಲೆ ಕಾಣುವ ಇಸವಿಯನ್ನೇ ಅದರ ಹುಟ್ಟಿದ ವರ್ಷವೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಹಳೆಯ ಯಂತ್ರಗಳ ಲೋಹದ ತಟ್ಟೆಗಳಲ್ಲಿ ಹಕ್ಕುಪತ್ರಗಳ ದಿನಾಂಕಗಳನ್ನು ಕೆತ್ತಿರುವುದುಂಟು. ಯಂತ್ರವು ಆ ದಿನಾಂಕಕ್ಕಿಂತ ಹಿಂದಿನದಲ್ಲ ಎಂಬುದಷ್ಟೆ ಅದರಿಂದ ತಿಳಿಯುತ್ತದೆ. ಎಷ್ಟು ಈಚಿನದೆಂದು ತಿಳಿಯದು. ಹಾಗೆಯೇ ಸಿಂಗರ್ ಸಂಸ್ಥೆ ತನ್ನ ನೂರನೆಯ ವರ್ಷದ ನೆನಪಿಗಾಗಿ ೧೮೫೧ ಮತ್ತು ೧೯೫೧ ಎಂಬ ಎರಡು ಇಸವಿಗಳಿರುವ ಬಿಲ್ಲೆಯನ್ನು ಯಂತ್ರಗಳ ಮೇಲೆ ಕೂಡಿಸಿತು. ಮೊದಲನೆಯ ಇಸವಿಯನ್ನು ಮಾತ್ರ ಓದಿ ಹಿಗ್ಗಿದವರು ಹಲವರು!

ಸರಿಯಾದ ಸಾಕ್ಷಿ ಯಂತ್ರದ ಕ್ರಮಸಂಖ್ಯೆ. ಸಿಂಗರ್ ಯಂತ್ರಗಳಲ್ಲಿ ಇದನ್ನು ಕಬ್ಬಿಣದ ಪೀಠದ ಬಲಭಾಗದಲ್ಲಿ ಅಚ್ಚೊತ್ತಿರುತ್ತಾರೆ. ಬರಿಯ ಅಂಕಿಗಳಿದ್ದರೆ ಯಂತ್ರವು ೧೯೦೦ಕ್ಕಿಂತ ಹಿಂದಿನದು. ಅಲ್ಲಿಂದೀಚೆಗೆ ಅಂಕಿಗಳ ಮುಂದೆ ಒಂದು ಇಂಗ್ಲಿಷ್ ಅಕ್ಷರವೂ, ಅನಂತರದ ಕಾಲದಲ್ಲಿ ಎರಡಕ್ಷರಗಳೂ ಸೇರಿದವು. 'ಜಿ' ಅಕ್ಷರ ಅಮೆರಿಕದ ಎಲಿಜಬೆತ್ ಊರಿನ ಕಾರ್ಖಾನೆಯನ್ನು ಸೂಚಿಸಿದರೆ, 'ಎಫ್' ಮತ್ತು 'ವೈ' ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯನ್ನು ಸೂಚಿಸುತ್ತವೆ. ಈ ಸಂಖ್ಯೆಗಳ ಪಟ್ಟಿಗಳು ಪ್ರಕಟವಾಗಿವೆ. ಆದರೆ ಪಟ್ಟಿಯಲ್ಲಿರುವ ದಿನಾಂಕ, ಕಾರ್ಖಾನೆಗೆ ಆ ಸಂಖ್ಯೆಗಳ ಗುಂಪನ್ನು ಹಂಚಿಕೊಟ್ಟ ದಿನವೇ ಹೊರತು ಯಂತ್ರ ಸಿದ್ಧವಾಗಿ ಹೊರಬಂದ ದಿನವಲ್ಲ.

ಕಪ್ಪುಬಣ್ಣವಾಗಲಿ, ಹೊಂಬಣ್ಣದ ಚಿತ್ರವಾಗಲಿ ವಯಸ್ಸಿಗೆ ಸಾಕ್ಷಿಯಲ್ಲ. ನಮ್ಮ ದೇಶದಲ್ಲಿ ೧೯೩೦ರ ದಶಕದ ಮಧ್ಯದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರಗಳನ್ನು ಹೊರತಂದಿತು. ಮುಂದೆ ಲೂಧಿಯಾನ ನಗರ ಈ ಉದ್ಯಮಕ್ಕೆ ಹೆಸರಾಯಿತು. ಅದೇ ಹಳೆಯ ಆಕಾರದ ಕಪ್ಪು ಯಂತ್ರಗಳು ಇಂದಿಗೂ ತಯಾರಾಗುತ್ತಿರುವುದರಿಂದ, ಅಜ್ಜಿಯಂತೆ ಕಾಣುವ ಯಂತ್ರ ಮೊಮ್ಮಗಳ ವಯಸ್ಸಿನದಾಗಿರಬಹುದು.

ನಮ್ಮ ನೆರೆಮನೆಯ ಯಂತ್ರದ ಮೇಲೆ 'ವೈ' ಅಕ್ಷರವಿತ್ತು. ಎಂದರೆ ಅದು ೧೯೨೦ರ ದಶಕದಿಂದ ೧೯೩೦ರ ದಶಕದ ಮಧ್ಯದವರೆಗಿನ ಅವಧಿಯಲ್ಲಿ ಕ್ಲೈಡ್‌ಬ್ಯಾಂಕಿನಲ್ಲಿ ಹುಟ್ಟಿದ್ದು. ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು.

ಸ್ಥಿತಿಯ ಪರೀಕ್ಷೆ

ಕಾಲಿನಿಂದ ತುಳಿಯುವ ಯಂತ್ರವೆಂದರೆ ಚಲನೆಯ ನಿಯಮಗಳ ಒಂದು ಪುಟ್ಟ ಪ್ರಯೋಗಶಾಲೆ. ತುಳಿಹಲಗೆ ಒಮ್ಮೆ ಕೆಳಗಿಳಿದು ಮೇಲೆದ್ದರೆ ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ತಿರುಗುತ್ತದೆ. ಚರ್ಮದ ಪಟ್ಟಿಯ ಮೂಲಕ ಆ ಚಲನೆ ಮೇಲಿನ ಚಿಕ್ಕ ಕೈಚಕ್ರಕ್ಕೆ ಹೋಗುತ್ತದೆ. ಪಟ್ಟಿ ಕೂರುವ ಜಾಡಿನ ವ್ಯಾಸ ಕೆಳಗಿನ ಚಕ್ರದಲ್ಲಿ ನಾಲ್ಕರಷ್ಟು ದೊಡ್ಡದಾಗಿದ್ದರೆ, ಅದರ ಒಂದು ಸುತ್ತಿಗೆ ಕೈಚಕ್ರ ನಾಲ್ಕು ಸುತ್ತು ತಿರುಗುವುದು. ಸುತ್ತಿಗೊಂದರಂತೆ ನಾಲ್ಕು ಹೊಲಿಗೆ ಬೀಳುವುದು. ನಿಮಿಷಕ್ಕೆ ೬೦ ಬಾರಿ ತುಳಿದರೆ ೨೪೦ ಹೊಲಿಗೆ! ತುಳಿಹಲಗೆ ತೀರ ಮೇಲೆ ಮತ್ತು ತೀರ ಕೆಳಗೆ ಇರುವಾಗ ನಮ್ಮ ಕಾಲಿನ ಬಲ ಚಕ್ರವನ್ನು ತಿರುಗಿಸಲಾರದು. ಆ ಎರಡು ಜಡಬಿಂದುಗಳನ್ನು ದಾಟಿಸುವುದು ಭಾರವಾದ ಚಕ್ರದ ಜಡತ್ವ. ಕಲಿಯುವವರ ಯಂತ್ರ ಹಿಮ್ಮುಖವಾಗಿ ತಿರುಗಿ ದಾರ ಕಡಿಯುವುದು ಈ ಜಡಬಿಂದುವಿನಲ್ಲಿಯೇ.

ಪರೀಕ್ಷಿಸುವಾಗ ಮೊದಲು ಪಟ್ಟಿಯನ್ನು ಕಳಚಿ, ಕೈಚಕ್ರವನ್ನು ನಮ್ಮ ಕಡೆಗೆ ಮೆಲ್ಲನೆ ತಿರುಗಿಸಿ ನೋಡಬೇಕು. ಚಕ್ರ ತಿರುಗಿಯೂ ಸೂಜಿ ಅಲುಗದಿದ್ದರೆ ಗಾಬರಿ ಬೇಡ: ಬಾಬಿನ್ ಸುತ್ತುವಾಗ ಸಡಿಲಿಸುವ, ಚಕ್ರದ ನಡುವಿನ ತಿರುಪು ಬಿಗಿಯಾಗಿಲ್ಲವಷ್ಟೆ. ಚಕ್ರವೇ ತಿರುಗದಿದ್ದರೂ ಯಂತ್ರ ಸತ್ತಿತೆಂದು ತಿಳಿಯಬಾರದು. ನಮ್ಮಲ್ಲಿ ಕೊಬ್ಬರಿ ಎಣ್ಣೆ ಮೊದಲಾದ ಅಡಿಗೆಯ ಎಣ್ಣೆಗಳನ್ನು ಯಂತ್ರಕ್ಕೆ ಬಿಡುವ ರೂಢಿಯಿದೆ. ಇವು ಗಾಳಿಯ ಆಮ್ಲಜನಕದೊಡನೆ ಕೂಡಿ, ಧೂಳನ್ನೂ ಹಿಡಿದುಕೊಂಡು ಕಾಲಕ್ರಮದಲ್ಲಿ ಅಂಟಾಗುತ್ತವೆ. ಎಣ್ಣೆಯ ರಂಧ್ರಗಳಿಗೆ ಕೆಲವು ಹನಿ ಸೀಮೆಎಣ್ಣೆ ಬಿಟ್ಟು, ಒಂದೆರಡು ದಿನ ತಾಳ್ಮೆಯಿಂದ ಹಿಂದೆ ಮುಂದೆ ಅಲುಗಿಸಿದರೆ ಬಹುಮಟ್ಟಿಗೆ ಬಿಡುಗಡೆಯಾಗುತ್ತದೆ. ಅನಂತರ ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಬೇಕು.

ಸುತ್ತಿಗೆಯನ್ನು ಮಾತ್ರ ಸರ್ವಥಾ ಮುಟ್ಟಬಾರದು. ಎರಕದ ಕಬ್ಬಿಣದಲ್ಲಿ ಶೇಕಡ ೨ಕ್ಕಿಂತ ಹೆಚ್ಚು ಇಂಗಾಲವಿದ್ದು, ಅದರ ಬಹುಭಾಗ ಗ್ರಾಫೈಟಿನ ತೆಳುಪದರಗಳಾಗಿ ಹರಡಿರುತ್ತದೆ. ಇಂಥ ಕಬ್ಬಿಣ ಭಾರವನ್ನು ಹೊರಬಲ್ಲದು; ಪೆಟ್ಟನ್ನು ತಾಳಲಾರದೆ ಬಿರಿಯುತ್ತದೆ. ಬಿರಿದ ಕಾಲುಗಳು, ಗುಳಿಬಿದ್ದಂತೆ ತುಕ್ಕು ಹಿಡಿದ ಸೂಜಿದಂಡ, ಸವೆದ ಹಲ್ಲುಗಳು, ಗೆದ್ದಲು ತಿಂದ ಹಲಗೆ, ಇವೇ ನಿಜವಾದ ರೋಗಗಳು. ಮೇಲ್ಮೈಯ ತುಕ್ಕು, ಹರಿದ ಪಟ್ಟಿ, ಧೂಳು, ಇವು ಸಣ್ಣ ನೆಗಡಿಯಂತೆ.

ಹಳೆಯ ಮಾದರಿಗಳಲ್ಲಿ ಲಾಳಿ ದೋಣಿಯ ಆಕಾರದ್ದು. ಅದಿದೆಯೆ ಎಂದು ತಪ್ಪದೆ ನೋಡಬೇಕು. ಎಷ್ಟೋ ಮನೆಗಳಲ್ಲಿ ಅದು ಮಕ್ಕಳ ಆಟಿಕೆಯಾಗಿ ಕಳೆದುಹೋಗಿರುತ್ತದೆ. ಸೂಜಿಯೂ ಮುಖ್ಯ. ಬುಡದ ಒಂದು ಬದಿ ಚಪ್ಪಟೆಯಾಗಿರುವ ಸಾಧಾರಣ ಸೂಜಿಯನ್ನು ತೆಗೆದುಕೊಳ್ಳುವ ಯಂತ್ರವಾದರೆ ಚಿಂತೆಯಿಲ್ಲ, ಅದು ಯಾವ ಅಂಗಡಿಯಲ್ಲಾದರೂ ಸಿಕ್ಕುತ್ತದೆ. ಅದಕ್ಕೂ ಹಿಂದಿನ ಕೆಲವು ಮಾದರಿಗಳ ಸೂಜಿ ಈಗ ದೊರೆಯುವುದು ಕಷ್ಟ. ಯಂತ್ರ ಎಷ್ಟೇ ಸೊಗಸಾಗಿರಲಿ, ಸೂಜಿಯಿಲ್ಲದಿದ್ದರೆ ಅದು ಗೊಂಬೆಯೇ ಸರಿ.

ಇನ್ನೊಂದು ಎಚ್ಚರಿಕೆ. ಹಳೆಯ ಯಂತ್ರಗಳ ಬಳ್ಳಿಚಿತ್ರದ ಮೇಲೆ ಅರಗಿನ ಮೆರುಗೆಣ್ಣೆಯ ಲೇಪವಿರುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಹೊಳಪು ಬರಲೆಂದು ಸ್ಪಿರಿಟ್ಟಿನಿಂದ ಉಜ್ಜಿದವರು ಹೊಳಪಿನೊಡನೆ ಚಿತ್ರವನ್ನೂ ಕಳೆದುಕೊಳ್ಳುತ್ತಾರೆ.

ಬೆಲೆಯ ವಿಚಾರ

ಹಳೆಯದೆಂದ ಮಾತ್ರಕ್ಕೆ ವಿರಳವಲ್ಲ. ಕ್ಲೈಡ್‌ಬ್ಯಾಂಕಿನ ಕಾರ್ಖಾನೆಯೊಂದೇ ೧೯೧೩ರಲ್ಲಿ ಸುಮಾರು ೧೩ ಲಕ್ಷ ಯಂತ್ರಗಳನ್ನು ಹೊರಗೆ ಕಳಿಸಿತು. ೧೯೮೦ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಯಂತ್ರಗಳು ಮಾತ್ರ ಗಟ್ಟಿಮುಟ್ಟಾಗಿದ್ದುದರಿಂದ ಬಹುಸಂಖ್ಯೆಯಲ್ಲಿ ಉಳಿದುಬಂದಿವೆ. ಸಂಗ್ರಹಕಾರರು ಹೆಚ್ಚಿನ ಬೆಲೆ ಕೊಡುವುದು ೧೮೫೦ರ ದಶಕದ ಮೊದಮೊದಲ ಮಾದರಿಗಳಂಥ ಅಪರೂಪದವುಗಳಿಗೆ. ಅದೂ ಮೂಲದ ಬಣ್ಣ, ಲಾಳಿ, ಪೆಟ್ಟಿಗೆಗಳು ಒಡೆಯದೆ ಉಳಿದಿದ್ದರೆ. ಹೊಸದಾಗಿ ಬಣ್ಣ ಬಳಿದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಉಳಿದ ಯಂತ್ರಗಳಲ್ಲಿ ಎಷ್ಟೋ ಇಂದು ಕಾಲುಗಳನ್ನು ಕಳೆದುಕೊಂಡಿವೆ. ಆ ಕಾಲುಗಳು ಹೋಟೆಲಿನ ಮೇಜುಗಳ ಕೆಳಗೆ ನಿಂತಿವೆ.

ಇನ್ನು ಕೆಂಪು ಪಾದರಸದ ಮಾತು. ೨೦೦೯ರಲ್ಲಿ ಸೌದಿ ಅರೇಬಿಯದಲ್ಲಿ ಇದೇ ವದಂತಿ ಹಬ್ಬಿ, ಹಳೆಯ ಸಿಂಗರ್ ಯಂತ್ರಗಳಿಗೆ ಜನ ಊಹೆಗೂ ಮೀರಿದ ಬೆಲೆ ಕಟ್ಟಿದರು. ಮೊಬೈಲ್ ಫೋನನ್ನು ಸೂಜಿಯ ಬಳಿ ಹಿಡಿದಾಗ ಸಂಪರ್ಕ ಕಡಿದುಹೋದರೆ ಪಾದರಸವಿದೆಯೆಂದು ಅವರ ನಂಬಿಕೆ! ಪಾದರಸದ ಕೆಂಪು ಲವಣಗಳುಂಟು, ನಿಜ, ಇಂಗಲೀಕ ಅಂಥದೊಂದು. ಆದರೆ ಕಥೆಗಳಲ್ಲಿ ಹೇಳುವ ಆ ಅದ್ಭುತಶಕ್ತಿಯ ವಸ್ತುವನ್ನು ಯಾವ ಪ್ರಯೋಗಶಾಲೆಯೂ ಕಂಡಿಲ್ಲ. ಸೂಜಿ ಉಕ್ಕಿನದು, ಮೈ ಎರಕದ ಕಬ್ಬಿಣದ್ದು, ಅದರ ಯಾವ ಕೆಲಸಕ್ಕೂ ಪಾದರಸ ಬೇಕಿಲ್ಲ. ಲೋಹದ ದೊಡ್ಡ ರಾಶಿ ರೇಡಿಯೊ ಅಲೆಗಳನ್ನು ತುಸು ತಡೆಯುವುದುಂಟು. ಆ ಕೆಲಸವನ್ನು ಅಡಿಗೆಮನೆಯ ಕಬ್ಬಿಣದ ಬಾಣಲೆಯೂ ಮಾಡಬಲ್ಲದು. ಇಂಥ ವದಂತಿಯಿಂದ ಲಾಭ ಪಡೆಯುವವರು ಮೋಸಗಾರರು ಮಾತ್ರ. ನಂಬಿದವನು ಕೊಂಡರೆ ಹಣ ಕಳೆದುಕೊಳ್ಳುತ್ತಾನೆ. ಕೊಳ್ಳುವವನಿಗಾಗಿ ಕಾದರೆ ಯಂತ್ರ ತುಕ್ಕು ಹಿಡಿಯುತ್ತದೆ.

ಕೊನೆಗೆ ನಾವು ಆ ತಾಯಿಗೆ ಹೇಳಿದ್ದಿಷ್ಟು: "ಅಮ್ಮಾ, ಮಾರಿದರೆ ಇದಕ್ಕೆ ಲಕ್ಷ ಬಾರದು. ಗುಜರಿಗೆ ಹಾಕಿದರೆ ಬರುವುದು ಕಬ್ಬಿಣದ ಬೆಲೆ ಮಾತ್ರ. ಆದರೆ ಲಾಳಿ ಇದೆ, ಸೂಜಿ ಪೇಟೆಯಲ್ಲಿ ಸಿಗುತ್ತದೆ, ಕಬ್ಬಿಣ ಬಿರಿದಿಲ್ಲ." ಸೀಮೆಎಣ್ಣೆಗೆ ಮೂರು ದಿನ ಹಿಡಿಯಿತು. ಹೊಸ ಪಟ್ಟಿ ಹಾಕಿದ ಸಂಜೆ ಅವರ ಮೊಮ್ಮಗಳು ಅದರಲ್ಲಿ ಒಂದು ದಿಂಬಿನ ಚೀಲ ಹೊಲಿದಳು. ವಿದ್ಯುತ್ತು ಹೋದಾಗಲೂ ನಡೆಯುವ, ಕೆಟ್ಟರೆ ತಿರುಪುಳಿಯೊಂದರಿಂದಲೇ ಬಿಚ್ಚಿ ಸರಿಪಡಿಸಬಹುದಾದ, ನೂರು ವರ್ಷಗಳ ಹೊಸ್ತಿಲಲ್ಲಿಯೂ ದುಡಿಯಬಲ್ಲ ಉಪಕರಣ ಇಂದು ನಮ್ಮ ಮನೆಗಳಲ್ಲಿ ಬೇರೆಷ್ಟಿವೆ? ವಾಚಕರು ತಮ್ಮ ಮನೆಯ ಮೂಲೆಯಲ್ಲಿರುವ ಯಂತ್ರವನ್ನು ಗುಜರಿಗೆ ತೂಗುವ ಮುನ್ನ ಒಮ್ಮೆ ಅದರ ಕೈಚಕ್ರವನ್ನು ತಿರುಗಿಸಿ ನೋಡಲಿ.