ಬಹೂಪಯೋಗಿ ಮೇಪಲ್

ಒಳ್ಳೆಯ ಪಿಟೀಲೊಂದನ್ನು ತಿರುಗಿಸಿ ಅದರ ಬೆನ್ನನ್ನು ನೋಡಿದರೆ, ಹುಲಿಯ ಮೈಮೇಲಿನ ಪಟ್ಟೆಗಳನ್ನು ಹೋಲುವ ಅಡ್ಡಗೆರೆಗಳು ಕಾಣಬರುತ್ತವೆ. ವಾದ್ಯವನ್ನು ಬೆಳಕಿನಲ್ಲಿ ಕೊಂಚ ಓಲಿಸಿದರೆ ಪಟ್ಟೆಗಳೂ ಓಲಾಡುತ್ತವೆ. ಹೊಳೆಯುತ್ತಿದ್ದ ಪಟ್ಟೆ ಮಸುಕಾಗುತ್ತದೆ, ಮಸುಕಾಗಿದ್ದುದು ಹೊಳೆಯುತ್ತದೆ. ಇದು ಬಣ್ಣಗಾರನ ಕೈಚಳಕವಲ್ಲ. ಮರದ ನಾರುಗಳು ನೇರವಾಗಿ ಬೆಳೆಯದೆ ಅಲೆಅಲೆಯಾಗಿ ಬೆಳೆದಿರುವುದರಿಂದ ಅಲೆಯ ಒಂದೊಂದು ಇಳಿಜಾರೂ ಬೆಳಕನ್ನು ಒಂದೊಂದು ದಿಕ್ಕಿಗೆ ಪ್ರತಿಫಲಿಸುತ್ತದೆ. ವೀಣೆಗೆ ಹಲಸು ಹೇಗೋ ಪಿಟೀಲಿಗೆ ಮೇಪಲ್ ಹಾಗೆ. ವಾದ್ಯದ ಮೇಲಿನ ಹಲಗೆ ಹಗುರವಾದ ಸ್ಪ್ರೂಸ್ ಮರದ್ದು. ಬೆನ್ನು, ಪಕ್ಕೆ, ಕತ್ತು, ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ಕುದುರೆ, ಇವೆಲ್ಲ ಮೇಪಲಿನವು. ಇಟಲಿಯ ಕ್ರೆಮೋನ ನಗರದ ಸ್ಟ್ರಾಡಿವೇರಿ ಮೂರು ಶತಮಾನಗಳ ಹಿಂದೆ ಹಾಗೆ ಮಾಡಿದನು. ಇಂದಿನ ಕುಶಲಿಗರೂ ಹಾಗೆಯೇ ಮಾಡುತ್ತಾರೆ. ಮೇಪಲ್ ವೃಕ್ಷವನ್ನು ಎಂದೂ ಕಂಡಿರದ ಕನ್ನಡಿಗರೂ ಅದರ ನಾದವನ್ನು ಕೇಳಿಯೇ ಇರುತ್ತಾರೆ.

ಮೇಪಲ್ ಎಂಬುದು ಒಂದೇ ಮರದ ಹೆಸರಲ್ಲ. ಸಸ್ಯಶಾಸ್ತ್ರಜ್ಞರು ಏಸರ್ ಎಂದು ಕರೆಯುವ ಈ ಕುಲದಲ್ಲಿ ಸುಮಾರು 130 ಪ್ರಭೇದಗಳುಂಟು. ಇವುಗಳಲ್ಲಿ ಹೆಚ್ಚಿನವು ಉತ್ತರಾರ್ಧಗೋಳದ ಸಮಶೀತೋಷ್ಣ ವಲಯದವು. ನಮ್ಮ ಹಿಮಾಲಯದಲ್ಲಿಯೂ ಕೆಲವು ಬೆಳೆಯುತ್ತವೆ. ಬೆರಳುಗಳನ್ನು ಚಾಚಿದ ಅಂಗೈಯಂಥ ಎಲೆ, ಗಿರಿಗಿರಿ ತಿರುಗುತ್ತ ಗಾಳಿಯಲ್ಲಿ ತೇಲಿಬರುವ ರೆಕ್ಕೆಯ ಕಾಯಿ, ಇವು ಸಾಮಾನ್ಯವಾದ ಗುರುತುಗಳು. 1965ರಲ್ಲಿ ಕೆನಡ ದೇಶವು ತನ್ನ ಧ್ವಜದ ಮೇಲೆ ಏರಿಸಿದ್ದು ಈ ಎಲೆಯನ್ನೇ. ನಾಟದ ವ್ಯಾಪಾರದಲ್ಲಿ ಅಗ್ರಸ್ಥಾನ ಉತ್ತರ ಅಮೆರಿಕದ ಸಕ್ಕರೆ ಮೇಪಲಿಗೆ ಸಲ್ಲುತ್ತದೆ. ಚಳಿಗಾಲದ ಕೊನೆಯಲ್ಲಿ ಇದರ ಕಾಂಡಕ್ಕೆ ರಂಧ್ರ ಕೊರೆದು, ಒಸರುವ ಸಿಹಿನೀರನ್ನು ಕಾಯಿಸಿ ಪಾಕ ಮಾಡುತ್ತಾರೆ. ಒಂದು ಲೀಟರು ಪಾಕಕ್ಕೆ ಸುಮಾರು 40 ಲೀಟರು ರಸ ಬೇಕು! ಕಬ್ಬಿನ ನಾಡಿನವರಾದ ನಮಗೆ ಇದು ಬಲು ದುಬಾರಿಯ ಬೆಲ್ಲವೆಂದೇ ತೋರುವುದು. ರಂಧ್ರದ ಸುತ್ತ ಮರವು ಕಲೆಗಟ್ಟುವುದರಿಂದ ರಸ ಕೊಟ್ಟ ಬುಡಭಾಗಕ್ಕೆ ನಾಟದ ಕಾರ್ಖಾನೆಯಲ್ಲಿ ಒಳ್ಳೆಯ ಬೆಲೆ ಬಾರದು. ಪಾಕವೋ ಹಲಗೆಯೋ ಎಂಬುದನ್ನು ಮರದ ಒಡೆಯನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಈ ಮರದ ಗುಣಕ್ಕೆ ಕಾರಣವೇನು? ಬೇರು ಹೀರಿದ ನೀರನ್ನು ಮೇಲಕ್ಕೊಯ್ಯಲು ಮರದೊಳಗೆ ಸೂಕ್ಷ್ಮವಾದ ನಾಳಗಳಿರುತ್ತವೆ. ತೇಗದ ದಿಮ್ಮಿಯನ್ನು ಅಡ್ಡಕೊಯ್ದು ನೋಡಿದರೆ ದೊಡ್ಡ ನಾಳಗಳು ವರ್ಷವರ್ಷದ ಬಳೆಯ ಆರಂಭದಲ್ಲಿ ಸಾಲುಗಟ್ಟಿ ನಿಂತಿರುವುದು ಬರಿಗಣ್ಣಿಗೇ ತಿಳಿಯುತ್ತದೆ. ಮೇಪಲಿನಲ್ಲಿ ಹಾಗಿಲ್ಲ. ಅದರ ನಾಳಗಳ ಅಗಲವು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅವು ಬಳೆಯ ತುಂಬ ಒಂದೇ ಸಮನೆ ಹರಡಿರುತ್ತವೆ. ಮೃದುವಾದ ಪದರವೊಂದು, ಗಡುಸಾದ ಪದರವೊಂದು ಎಂಬ ಭೇದವಿಲ್ಲದುದರಿಂದ ಮರವು ಎಲ್ಲೆಡೆಯೂ ಸಮನಾಗಿ ಸವೆಯುತ್ತದೆ.

ಇದರ ಉಪಯೋಗಗಳೆಲ್ಲ ಈ ಒಂದು ಸಂಗತಿಯಿಂದ ಹೊರಟವೆಂದರೂ ಸಲ್ಲುವುದು. ಬಾಸ್ಕೆಟ್‌ಬಾಲ್ ಅಂಗಳಗಳಿಗೆ ಮೇಪಲ್ ಹಲಗೆಯನ್ನು ಹಾಸುತ್ತಾರೆ. ಸಾವಿರಾರು ಪಾದಗಳು ಉಜ್ಜಿದರೂ ಅದು ಸಿಬಿರೇಳದು. ಬೌಲಿಂಗ್ ಆಟದ ಓಣಿಯಲ್ಲಿ ಏಳು ಕಿಲೋಗ್ರಾಂ ತೂಗುವ ಗುಂಡು ಬಂದು ಬೀಳುವ ಜಾಗ ಮೇಪಲಿನದಾಗಿತ್ತು. ಈಚೆಗೆ ಹಲವೆಡೆ ಕೃತಕ ಹಲಗೆಗಳು ಬಂದಿವೆ. ಕಟುಕರ ಕೊರಡು, ಅಡಿಗೆಮನೆಯ ಮಣೆ ಇವಕ್ಕೆ ಈ ಮರ ಸಲ್ಲುವುದು ಅದಕ್ಕೆ ವಾಸನೆಯಾಗಲಿ ರುಚಿಯಾಗಲಿ ಇಲ್ಲದಿರುವುದರಿಂದಲೂ ಹೌದು. ಎಲ್ಲಕ್ಕಿಂತ ಬೆರಗುಗೊಳಿಸುವುದು ಪಿಯಾನೊ. ಅದರ 200ಕ್ಕೂ ಮೇಲ್ಪಟ್ಟ ತಂತಿಗಳ ಒಟ್ಟು ಎಳೆತ ಹಲವು ಟನ್ನುಗಳಷ್ಟು. ಆ ಭಾರವನ್ನು ಬಹುಮಟ್ಟಿಗೆ ಕಬ್ಬಿಣದ ಚೌಕಟ್ಟು ಹೊರುವುದು ನಿಜ. ಆದರೆ ತಂತಿಯ ಶ್ರುತಿ ಇಳಿಯದಂತೆ ಉಕ್ಕಿನ ಬಿರಡೆಗಳನ್ನು ಅಲುಗದೆ ಹಿಡಿದಿರುವುದು ಪದರಪದರವಾಗಿ ಅಂಟಿಸಿದ ಮೇಪಲ್ ಹಲಗೆಯ ಬಿಗಿತವೊಂದೇ.

ಇಷ್ಟಾದರೂ ಮನೆಯ ಹೊರಬಾಗಿಲಿಗೆ ಇದನ್ನು ಯಾರೂ ಆರಿಸರು. ತೇಗದಲ್ಲಿರುವ ರಕ್ಷಕ ತೈಲ ಇದರಲ್ಲಿಲ್ಲ. ಮಳೆನೀರು, ಗೆದ್ದಲುಗಳಿಗೆ ಬೇಗನೆ ತುತ್ತಾಗುತ್ತದೆ. ಇದು ಎಲ್ಲರಿಗೂ ತಿಳಿದ ದೋಷ. ಇನ್ನೊಂದು ದೋಷ ಮಾತ್ರ ಬಹುಕಾಲ ಮರೆಯಲ್ಲಿತ್ತು.

ಅಮೆರಿಕದ ಬೇಸ್‌ಬಾಲ್ ಆಟಗಾರರು ಹಿಂದಿನಿಂದಲೂ ಆಷ್ ಮರದ ದಾಂಡನ್ನು ಬಳಸುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಮೇಪಲ್ ದಾಂಡುಗಳು ಕಾಣಿಸಿಕೊಂಡವು. 2001ರಲ್ಲಿ ಬ್ಯಾರಿ ಬಾಂಡ್ಸ್ ಎಂಬಾತನು ಅಂಥ ದಾಂಡಿನಿಂದ ಒಂದೇ ಋತುವಿನಲ್ಲಿ 73 ಹೋಮ್ ರನ್ನುಗಳನ್ನು ಹೊಡೆದ ಮೇಲಂತೂ ಎಲ್ಲರಿಗೂ ಮೇಪಲೇ ಬೇಕಾಯಿತು. ಆದರೆ ಆಷ್ ದಾಂಡು ಮುರಿದಾಗ ಸಾಮಾನ್ಯವಾಗಿ ಬಿರುಕುಬಿಟ್ಟು ನಿಲ್ಲುತ್ತಿತ್ತು. ಮೇಪಲ್ ದಾಂಡು ಎರಡು ಮೂರು ತುಂಡಾಗಿ, ಈಟಿಯಂಥ ಚೂಪಿನೊಡನೆ ಹಾರತೊಡಗಿತು. 2008ರ ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನಲ್ಲಿ ಆಟ ನೋಡುತ್ತಿದ್ದ ಮಹಿಳೆಯೊಬ್ಬರ ದವಡೆ ಇಂಥ ತುಂಡು ಬಡಿದು ಮುರಿಯಿತು.

ಅದೇ ವರ್ಷ, ಮ್ಯಾಡಿಸನ್ ನಗರದ ಸರಕಾರಿ ಅರಣ್ಯೋತ್ಪನ್ನ ಪ್ರಯೋಗಶಾಲೆಯ ತಜ್ಞರೂ ಸೇರಿದ ತಂಡವೊಂದು ಮುರಿದ 2,200ಕ್ಕೂ ಹೆಚ್ಚು ದಾಂಡುಗಳನ್ನು ಪರೀಕ್ಷಿಸಿತು. ಮೇಪಲ್ ದಾಂಡು ತುಂಡುತುಂಡಾಗುವ ಸಂಭವ ಆಷ್ ದಾಂಡಿನದಕ್ಕಿಂತ ಮೂರು ಪಟ್ಟೆಂದು ಕಂಡುಬಂದಿತು. ಮುಖ್ಯ ಕಾರಣ ನಾರಿನ ಓರೆ. ನಾರಿನ ಉದ್ದಕ್ಕೆ ಮರವು ಬಲಿಷ್ಠ. ನಾರುಗಳ ನಡುವೆ ಸುಲಭವಾಗಿ ಸೀಳುತ್ತದೆ. ನಾರು ಹಿಡಿಯ ಉದ್ದಕ್ಕೂ ಓಡದೆ ಓರೆಯಾಗಿ ಅಂಚಿಗೆ ಬಂದು ಮುಗಿದರೆ ಸೀಳೂ ಅದೇ ದಾರಿಯನ್ನು ಹಿಡಿಯುತ್ತದೆ. ಆಷ್‌ನ ದೊಡ್ಡ ನಾಳಗಳು ಗೆರೆಗಳಂತೆ ತೋರಿ ನಾರಿನ ದಿಕ್ಕನ್ನು ಹೇಳಿಬಿಡುತ್ತವೆ. ಮೇಪಲ್ ನುಣುಪಾಗಿ, ಬಿಳುಪಾಗಿ, ಏನನ್ನೂ ಹೇಳದೆ ಇರುತ್ತದೆ. ಅಂಗಳದ ಹಲಗೆಗೆ ವರವಾದ ಆ ಸೂಕ್ಷ್ಮ ನಾಳಗಳೇ ದಾಂಡಿನಲ್ಲಿ ಅಪಾಯವನ್ನು ಮುಚ್ಚಿಟ್ಟಿದ್ದವು.

ತಜ್ಞರು ಕಂಡುಕೊಂಡ ಉಪಾಯ ಎಷ್ಟು ಸರಳ! ದಾಂಡಿನ ಹಿಡಿಯ ಮೇಲೆ ಒಂದು ತೊಟ್ಟು ಮಸಿಯನ್ನು ಇಡುತ್ತಾರೆ. ಮಸಿಯು ನಾಳಗಳನ್ನು ಹಿಡಿದು ಹರಿದು, ಕಣ್ಣಿಗೆ ಕಾಣದ ನಾರಿನ ದಾರಿಯನ್ನು ಬರೆದು ತೋರಿಸುತ್ತದೆ. ಆ ಗೆರೆ ದಾಂಡಿನ ಉದ್ದಕ್ಕಿಂತ 3 ಡಿಗ್ರಿಗೆ ಮೀರಿ ಓರೆಯಾಗಿದ್ದರೆ ದಾಂಡನ್ನು ತಿರಸ್ಕರಿಸಬೇಕೆಂದು ನಿಯಮವಾಯಿತು. ಇದರೊಡನೆ ಬೇರೆ ಕೆಲವು ಬದಲಾವಣೆಗಳೂ ಸೇರಿ, ಮುಂದಿನ ಕೆಲವೇ ವರ್ಷಗಳಲ್ಲಿ ತುಂಡಾಗಿ ಹಾರುವ ಮೇಪಲ್ ದಾಂಡುಗಳ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು.