ಜ್ವರದ ಸ್ಥಾನ ಮತ್ತು ಜ್ವರದ ನಿದಾನ

'ನಿದಾನ'ವೆಂಬ ಶಬ್ದಕ್ಕೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಮೂಲಕಾರಣವೆಂಬ ಅರ್ಥವುಂಟು. ಚರಕಸಂಹಿತೆಯ ನಿದಾನಸ್ಥಾನವು ಜ್ವರದ ನಿರೂಪಣೆಯಿಂದಲೇ ಪ್ರಾರಂಭವಾಗುತ್ತದೆ. ಯೂರೋಪಿನಲ್ಲಿ ಬಹುಕಾಲ ಜ್ವರವನ್ನೇ ಸ್ವತಂತ್ರವಾದೊಂದು ರೋಗವೆಂದು ಎಣಿಸುತ್ತಿದ್ದರು. ಕಾರ್ಲ್ ವುಂಡರ್ಲಿಷ್ ಎಂಬ ಜರ್ಮನ್ ವೈದ್ಯನು ಸಹಸ್ರಾರು ರೋಗಿಗಳ ಉಷ್ಣಮಾನವನ್ನು ಅಳೆದು ರಚಿಸಿದ ಗ್ರಂಥವು 1868ರಲ್ಲಿ ಪ್ರಕಟವಾಯಿತು. ಜ್ವರವು ರೋಗದ ಲಕ್ಷಣಮಾತ್ರವೆಂಬ ಅಭಿಪ್ರಾಯ ಅಲ್ಲಿಂದೀಚೆಗೆ ದೃಢಪಟ್ಟಿತು. ಲಕ್ಷಣವೆಂದ ಮೇಲೆ ಅದರ ಹಿಂದಣ ಕಾರಣವನ್ನು ಅರಸಬೇಕಾಗುತ್ತದೆ. ಆ ಕಾರಣವು ಗೋಚರಿಸದಿದ್ದಾಗ ದೇಹಚಿತ್ರಣವಿದ್ಯೆಯು ನೀಡಬಲ್ಲ ನೆರವನ್ನೂ ಆ ನೆರವಿನ ಮಿತಿಯನ್ನೂ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಸಾಕ್ಷ್ಯವೊಂದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿಚಾರವು ಇತಿಹಾಸಕ್ಕೂ ವೈದ್ಯಕ್ಕೂ ಸಮಾನವಾದುದರಿಂದ, ಇತಿಹಾಸದ ವಿದ್ಯಾರ್ಥಿಗಳಿಗೂ ಈ ವಿಷಯವು ಪರಕೀಯವಲ್ಲ.

ಕಾರಣ ತಿಳಿಯದ ಜ್ವರಕ್ಕೆ ಖಚಿತವಾದ ಲಕ್ಷಣವಾಕ್ಯವನ್ನು ಮೊದಲು ರೂಪಿಸಿದವರು ಅಮೆರಿಕದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್. 1961ರಲ್ಲಿ ಅವರು ಹೇಳಿದಂತೆ, ಉಷ್ಣಮಾನವು ಹಲವು ಸಲ 101 ಡಿಗ್ರಿ ಫ್ಯಾರನ್‌ಹೀಟನ್ನು ಮೀರಿರಬೇಕು. ಕಾಯಿಲೆಯು ಮೂರು ವಾರಗಳಿಗೂ ಹೆಚ್ಚು ಕಾಲ ನಡೆದಿರಬೇಕು. ಆಸ್ಪತ್ರೆಯಲ್ಲಿ ಒಂದು ವಾರ ಪರೀಕ್ಷಿಸಿದ ಮೇಲೂ ಕಾರಣವು ದೊರೆಯದಿರಬೇಕು. ಅವರು ಅಭ್ಯಸಿಸಿದ 100 ಮಂದಿಯಲ್ಲಿ 36 ಮಂದಿಗೆ ಸೋಂಕುರೋಗವೂ 19 ಮಂದಿಗೆ ಅರ್ಬುದವೂ ಇದ್ದುವು. ಉಳಿದವರಲ್ಲಿ ಅನೇಕರದು ಸೋಂಕಿಲ್ಲದ ಉರಿಯೂತ. ಕೊನೆಯವರೆಗೂ ಕಾರಣ ತಿಳಿಯದೆ ಉಳಿದವರು 7 ಮಂದಿ ಮಾತ್ರ.

ದೇಹಚಿತ್ರಣದ ವಿಧಾನಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಭಾಗಿಸಬಹುದು. ಮೊದಲನೆಯದು ಅಂಗಗಳ ಆಕಾರವನ್ನು ತೋರಿಸುವಂಥದು. 1895ರಲ್ಲಿ ರಾಂಟ್‌ಜನ್ನನು ಕಂಡುಹಿಡಿದ ಕ್ಷ-ಕಿರಣವೂ, 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಯ ಮೇಲೆ ಮೊದಲು ಪ್ರಯೋಗವಾದ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವೂ ಈ ವರ್ಗಕ್ಕೆ ಸೇರಿದುವು. ಯಕೃತ್ತಿನೊಳಗಿನ ಕೀವು, ಹೊಟ್ಟೆಯ ಆಳದಲ್ಲಿ ಊದಿಕೊಂಡ ದುಗ್ಧಗ್ರಂಥಿ ಮೊದಲಾದುವು ಇವುಗಳಿಂದ ಕಣ್ಣಿಗೆ ಬೀಳುತ್ತವೆ. ಆದರೆ ಉರಿಯೂತವು ಆರಂಭವಾಗಿದ್ದು ಆಕಾರವಿನ್ನೂ ಬದಲಾಗದಿದ್ದರೆ ಚಿತ್ರವು ಮೌನವಾಗಿರುತ್ತದೆ.

ಎರಡನೆಯ ವರ್ಗವು ಜೀವಕೋಶಗಳ ವ್ಯಾಪಾರವನ್ನೇ ತೋರಿಸುತ್ತದೆ. ಇಲ್ಲಿ ವಿಕಿರಣಶೀಲ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿಸಿ, ಅದು ಎಲ್ಲಿ ನೆಲಸುವುದೆಂಬುದನ್ನು ಹೊರಗಿನಿಂದ ಗುರುತಿಸುತ್ತಾರೆ. ಅರ್ಬುದದ ಶೋಧಕ್ಕಾಗಿ 1969ರಲ್ಲಿ ಬಳಕೆಗೆ ಬಂದ ಗ್ಯಾಲಿಯಂ-67 ಉರಿಯೂತದ ಸ್ಥಳಗಳಲ್ಲಿಯೂ ಸೇರುವುದೆಂದು ಸ್ವಲ್ಪ ಕಾಲದಲ್ಲಿಯೇ ತಿಳಿದುಬಂದಿತು. ರೋಗಿಯ ಬಿಳಿಯ ರಕ್ತಕಣಗಳನ್ನೇ ಹೊರತೆಗೆದು, ಅವುಗಳಿಗೆ ಇಂಡಿಯಂ-111ರ ಗುರುತನ್ನು ಸೇರಿಸಿ ಮರಳಿ ದೇಹದೊಳಗೆ ಬಿಡುವ ಕ್ರಮವು ಅದೇ ಶತಮಾನದ ಎಂಟನೆಯ ದಶಕದಲ್ಲಿ ಬೆಳೆಯಿತು.

ಇವೆರಡಕ್ಕಿಂತ ಈಗ ಹೆಚ್ಚು ಪ್ರಚಾರದಲ್ಲಿರುವುದು ಎಫ್.ಡಿ.ಜಿ. ಎಂಬ, ಗ್ಲೂಕೋಸಿನ ಒಂದು ಮಾರ್ಪಟ್ಟ ರೂಪ. ಫ್ಲೋರಿನ್-18ರ ಗುರುತನ್ನು ಹೊತ್ತ ಈ ವಸ್ತುವನ್ನು 1976ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಮೊದಲು ಕೊಡಲಾಯಿತು. ಸಕ್ಕರೆಯನ್ನು ಹೆಚ್ಚಾಗಿ ಬಳಸುವ ಜೀವಕೋಶಗಳು ಇದನ್ನೂ ಹೀರಿಕೊಳ್ಳುತ್ತವೆ. ಆದರೆ ಗ್ಲೂಕೋಸಿನಂತೆ ಪೂರ್ಣವಾಗಿ ಜೀರ್ಣಿಸಿಕೊಳ್ಳಲಾರವು. ಆದುದರಿಂದ ಅದು ಒಳಗೇ ಉಳಿಯುತ್ತದೆ. ಅದರಿಂದ ಹೊರಟ ಪಾಸಿಟ್ರಾನ್ ಸಮೀಪದ ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡೂ ಲಯವಾಗಿ, ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಲ್ಲಿ ಹೊರಡುತ್ತವೆ. ರೋಗಿಯನ್ನು ಬಳಸಿ ನಿಂತ ಯಂತ್ರದ ಬಳೆಯು ಈ ಜೋಡಿಗಳನ್ನು ಹಿಡಿದು ಅವು ಹುಟ್ಟಿದ ಸ್ಥಳವನ್ನು ಲೆಕ್ಕ ಹಾಕುತ್ತದೆ. ಇದೇ ಪೆಟ್ ಚಿತ್ರಣ. 1998ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಪೆಟ್ ಮತ್ತು ಸಿ.ಟಿ. ಯಂತ್ರಗಳು ಒಂದಾಗಿ, ವ್ಯಾಪಾರದ ಚಿತ್ರವೂ ಆಕಾರದ ಚಿತ್ರವೂ ಒಂದರ ಮೇಲೊಂದು ಕೂಡುವಂತಾಯಿತು.

ಇದರ ಪ್ರಯೋಜನವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಐವತ್ತು ದಾಟಿದವರಲ್ಲಿ ಕಾಣುವ ದೈತ್ಯಕೋಶ ಧಮನಿ ಉರಿಯೂತವು ಕೆಲವೊಮ್ಮೆ ಜ್ವರ, ನಿಶ್ಶಕ್ತಿ, ತೂಕನಷ್ಟಗಳಿಂದ ಮಾತ್ರ ಪ್ರಕಟವಾಗುತ್ತದೆ. ಸಾಮಾನ್ಯ ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೂ ಪೆಟ್ ಚಿತ್ರದಲ್ಲಿ ಮಹಾಧಮನಿಯ ಭಿತ್ತಿಯು ಉಜ್ಜ್ವಲವಾದ ರೇಖೆಯಾಗಿ ತೋರಬಹುದು. ಈ ರೋಗವು ದೃಷ್ಟಿಯನ್ನು ಕಸಿಯಬಲ್ಲದು. ಆದುದರಿಂದ ಕಣ್ಣಿಗೆ ಅಪಾಯದ ಸೂಚನೆಯಿದ್ದಲ್ಲಿ ಚಿತ್ರಕ್ಕಾಗಿ ಕಾಯದೆ ಸ್ಟಿರಾಯ್ಡ್ ಔಷಧವನ್ನು ಆರಂಭಿಸುತ್ತಾರೆ. ಅಂಥ ಅವಸರವಿಲ್ಲದಲ್ಲಿ ಚಿತ್ರವನ್ನು ಮೊದಲು ತೆಗೆಯುವುದು ಲೇಸು. ಏಕೆಂದರೆ ಆ ಔಷಧವು ಕೆಲವೇ ದಿನಗಳಲ್ಲಿ ಉಜ್ಜ್ವಲತೆಯನ್ನು ಅಳಿಸಿ ಸಾಕ್ಷ್ಯವನ್ನೇ ಮಾಯಮಾಡುತ್ತದೆ.

ಇನ್ನು ಮಿತಿಯ ವಿಚಾರ. ಸಕ್ಕರೆಯ ದಾಹವು ಅರ್ಬುದಕ್ಕೂ ಉಂಟು, ಉರಿಯೂತದ ಕಣಗಳಿಗೂ ಉಂಟು. ಎದೆಯೊಳಗಿನ ದುಗ್ಧಗ್ರಂಥಿಗಳು ಕ್ಷಯದಲ್ಲಿಯೂ ಲಿಂಫೋಮಾದಲ್ಲಿಯೂ ಸಾರ್ಕಾಯ್ಡೋಸಿಸ್ಸಿನಲ್ಲಿಯೂ ಒಂದೇ ಬಗೆಯಾಗಿ ಬೆಳಗುತ್ತವೆ. ಈ ಮೂರರ ಚಿಕಿತ್ಸೆಗಳಾದರೋ ಬೇರೆ ಬೇರೆ. ಸಾರ್ಕಾಯ್ಡೋಸಿಸ್ಸಿಗೆ ಒಗ್ಗುವ ಸ್ಟಿರಾಯ್ಡನ್ನು ಕ್ಷಯರೋಗಿಗೆ ಕ್ಷಯದ ಔಷಧಗಳಿಲ್ಲದೆ ಕೊಟ್ಟರೆ ಸೋಂಕು ಹರಡಿ ಪ್ರಾಣಕ್ಕೆ ಕುತ್ತು ಬರಬಹುದು. ಕ್ಷಯವು ವಿಪುಲವಾಗಿರುವ ನಮ್ಮ ದೇಶದಲ್ಲಿ ಈ ಎಚ್ಚರಿಕೆಯು ಅತ್ಯಾವಶ್ಯಕ. ಆದುದರಿಂದ ಬೆಳಗಿದ ಸ್ಥಳದಿಂದ ಅಂಗಾಂಶದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿಯೂ ಸೂಕ್ಷ್ಮಜೀವಿ ಪರೀಕ್ಷೆಯಲ್ಲಿಯೂ ನೋಡಬೇಕು. ಚಿತ್ರವು ಸೂಜಿಗೆ ದಾರಿ ತೋರಿಸುತ್ತದೆ. ರೋಗದ ಹೆಸರನ್ನು ಬಹುತೇಕ ಆ ತುಣುಕೇ ಹೇಳಬೇಕು.

ಮತ್ತೊಂದು ಮಿತಿಯೆಂದರೆ, ಮಿದುಳು ಸಹಜವಾಗಿಯೇ ಸಕ್ಕರೆಯನ್ನು ಬಹಳವಾಗಿ ಬಳಸುತ್ತದೆ. ಹೃದಯವೂ ಅನೇಕ ವೇಳೆ ಹಾಗೆಯೇ. ಎಫ್.ಡಿ.ಜಿ.ಯು ಮೂತ್ರದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ, ಮೂತ್ರಕೋಶಗಳೂ ಬೆಳಗುತ್ತವೆ. ಈ ಪ್ರಭೆಯ ನಡುವೆ ಸಣ್ಣ ರೋಗವು ಮರೆಯಾಗಬಹುದು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೂ ಚಿತ್ರ ಕೆಡುತ್ತದೆ. ಪರೀಕ್ಷೆಗೆ ಮುನ್ನ ಕೆಲವು ಗಂಟೆಗಳ ಉಪವಾಸವನ್ನು ವಿಧಿಸುವುದು ಇದಕ್ಕಾಗಿಯೇ. ಫ್ಲೋರಿನ್-18 ಸುಮಾರು 110 ನಿಮಿಷಗಳಲ್ಲಿ ಅರ್ಧವಾಗುವುದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಬಹು ದೂರವಿರುವಂತಿಲ್ಲ. ಭಾರತದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿದ್ದು 2002ರಲ್ಲಿ. ಇಂದಿಗೂ ಈ ಪರೀಕ್ಷೆಯು ದುಬಾರಿಯಾದುದು, ಮುಖ್ಯವಾಗಿ ನಗರಗಳಲ್ಲಿಯೇ ದೊರೆಯುವಂಥದು. ರೋಗಿಯ ಮಾತನ್ನು ಸಾವಧಾನವಾಗಿ ಕೇಳಿ, ದೇಹವನ್ನು ಮತ್ತೆ ಮತ್ತೆ ಪರೀಕ್ಷಿಸಿ, ಮಲೇರಿಯ, ವಿಷಮಶೀತಜ್ವರ, ಕ್ಷಯಗಳನ್ನು ಮೊದಲು ಶೋಧಿಸುವ ಕ್ರಮವನ್ನು ಯಂತ್ರವು ನಿವಾರಿಸಲಾರದು.

ಕೊನೆಯದಾಗಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. 1961ರ ವರದಿಯಲ್ಲಿ ಕಾರಣ ತಿಳಿಯದವರು ನೂರಕ್ಕೆ 7 ಮಂದಿ. 2007ರಲ್ಲಿ ನೆದರ್ಲೆಂಡ್ಸಿನಿಂದ ಪ್ರಕಟವಾದ 73 ರೋಗಿಗಳ ಅಧ್ಯಯನದಲ್ಲಿ ಅಂಥವರು ಅರ್ಧಕ್ಕೂ ತುಸು ಹೆಚ್ಚು. ಇದರಿಂದ ವೈದ್ಯವು ಹಿಂದೆ ಬಿದ್ದಿತೆಂದು ತೀರ್ಮಾನಿಸುವುದು ಅಂಕಿಗಳನ್ನು ತಪ್ಪಾಗಿ ಓದಿದಂತೆ. ಹಿಂದೆ ವಾರಗಟ್ಟಲೆ ಅಡಗಿರುತ್ತಿದ್ದ ಕೀವೂ ಗೆಡ್ಡೆಯೂ ಈಗ ಸಿ.ಟಿ.ಯಂಥ ಪರೀಕ್ಷೆಗಳಿಂದ ಬೇಗನೆ ಪತ್ತೆಯಾಗುವುದರಿಂದ, ಅಂಥ ರೋಗಿಗಳು 'ಅಜ್ಞಾತಮೂಲ'ವೆಂಬ ಪಟ್ಟಿಗೆ ಬರುವುದೇ ಇಲ್ಲ. ಕಠಿನವಾದುವು ಮಾತ್ರ ಅಲ್ಲಿ ಉಳಿಯುತ್ತವೆ. ಕಾರಣ ತಿಳಿಯದೆ ಉಳಿದವರಲ್ಲಿಯೂ ಹೆಚ್ಚಿನವರ ಜ್ವರವು ತಾನಾಗಿಯೇ ಇಳಿಯುತ್ತದೆ. ಪೆಟ್ ಚಿತ್ರದಲ್ಲಿ ಏನೂ ಕಾಣದವರಲ್ಲಿ ಹೀಗಾಗುವ ಸಂಭವ ಇನ್ನೂ ಹೆಚ್ಚು. ಬರಿದಾದ ಚಿತ್ರವೂ ಒಂದು ಸಾಕ್ಷ್ಯವೇ. ಅನಾವಶ್ಯಕವಾದ ಶಸ್ತ್ರಕ್ರಿಯೆಯಿಂದಲೂ ಔಷಧಗಳಿಂದಲೂ ರೋಗಿಯನ್ನು ಅದು ಕಾಪಾಡಬಲ್ಲದು. ಶಾಸನವೊಂದು ದೊರೆತ ಸ್ಥಳದಿಂದಲೇ ಅದರ ಕಾಲವನ್ನು ನಿರ್ಣಯಿಸಲಾಗದಂತೆ, ಬೆಳಗಿದ ಸ್ಥಾನದಿಂದಲೇ ರೋಗವನ್ನು ನಿರ್ಣಯಿಸಲಾಗದು. ಸ್ಥಾನವನ್ನು ಯಂತ್ರವು ಕೊಡುತ್ತದೆ. ಅಲ್ಲಿಂದ ನಿದಾನದವರೆಗಿನ ದಾರಿಯನ್ನು ವೈದ್ಯನು ವಿವೇಚನೆಯಿಂದ ಕ್ರಮಿಸಬೇಕು.